ಜರಡಿ ಹಿಡಿಯುವ ಕಾಗದ

1998ರ ಜೂನ್‌ನಲ್ಲಿ ನೈಜೀರಿಯಾದ ಸೇನಾ ಸರ್ವಾಧಿಕಾರಿ ಸಾನಿ ಅಬಾಚಾ ತೀರಿಕೊಂಡ. ಅದಾದ ಮೇಲೆ ಅವನ ಪತ್ನಿಯ ಹೆಸರಿನಲ್ಲಿ ಜಗತ್ತಿನ ಲಕ್ಷಾಂತರ ಜನರಿಗೆ ಇಮೇಲ್ ಬರತೊಡಗಿತು. ಗಂಡ ಕೂಡಿಟ್ಟ ಕೋಟ್ಯಂತರ ಡಾಲರ್ ಒಂದು ಕಡೆ ಸಿಕ್ಕಿಬಿದ್ದಿದೆ, ಹೊಸ ಸರ್ಕಾರದ ಕಣ್ಣು ತಪ್ಪಿಸಿ ಅದನ್ನು ಹೊರದೇಶಕ್ಕೆ ಸಾಗಿಸಬೇಕು, ನಿಮ್ಮ ಬ್ಯಾಂಕ್ ಖಾತೆಯ ನೆರವು ಕೊಟ್ಟರೆ ದೊಡ್ಡದೊಂದು ಪಾಲು ನಿಮಗೇ ಎಂಬುದು ಅದರ ಸಾರ. ಹೂಂ ಅಂದವರಿಗೆ ಮುಂದಿನ ಪತ್ರದಲ್ಲಿ ವಕೀಲರ ಶುಲ್ಕ, ಅದರ ಮುಂದಿನದರಲ್ಲಿ ತೆರಿಗೆ, ಆಮೇಲೆ ಲಂಚ, ಆಮೇಲೆ ಇನ್ನೊಂದು ಪ್ರಮಾಣಪತ್ರ. ಬರಬೇಕಾದ ಕೋಟಿ ಎಂದೂ ಬರುತ್ತಿರಲಿಲ್ಲ. ಸಿಗಲಿರುವ ದೊಡ್ಡ ಮೊತ್ತದ ಆಸೆ ತೋರಿಸಿ ಮೊದಲೇ ಸಣ್ಣ ಮೊತ್ತ ಕೀಳುವ ಈ ಬಗೆಗೆ ಮುಂಗಡ ಶುಲ್ಕದ ವಂಚನೆ ಎಂದು ಹೆಸರು.

ಈ ಕಾಗದ ಸುಳ್ಳೆಂದು ಇವತ್ತು ಯಾರಿಗೆ ಗೊತ್ತಿಲ್ಲ? ಆದರೂ ಕಾಲು ಶತಮಾನ ಕಳೆದರೂ ಅದು ಬರುತ್ತಲೇ ಇದೆ. ಅದೇ ವಿಧವೆ, ಅದೇ ಕಾಗುಣಿತದ ತಪ್ಪುಗಳು. ಇಷ್ಟು ವರ್ಷಗಳಲ್ಲಿ ವಂಚಕರು ಒಂದು ನಂಬುವಂಥ ಕತೆ ಹೆಣೆಯಲು ಕಲಿಯಲಿಲ್ಲವೇ? ಈ ಪ್ರಶ್ನೆಗೆ ಗಣಿತ ಕೊಡುವ ಉತ್ತರ ನಮ್ಮ ನಗುವನ್ನು ನಿಲ್ಲಿಸುವಂಥದ್ದು.

ಪ್ಯಾರಿಸಿನ ಜೈಲಿನಿಂದ

ಇಮೇಲ್ ಹುಟ್ಟುವುದಕ್ಕೆ ಬಹಳ ಹಿಂದೆಯೇ ಈ ಕಾಗದ ಹುಟ್ಟಿತ್ತು. ಫ್ರಾನ್ಸಿನ ಯುಜೀನ್ ಫ್ರಾಂಸ್ವಾ ವಿಡೋಕ್ ಮೊದಲು ಅಪರಾಧಿಯಾಗಿ ಜೈಲು ಕಂಡವನು. ಆಮೇಲೆ ಪ್ಯಾರಿಸ್ ಪೊಲೀಸರ ಪತ್ತೇದಾರಿ ದಳದ ಮುಖ್ಯಸ್ಥನಾದವನು. 1828ರಲ್ಲಿ ಹೊರಬಂದ ತನ್ನ ನೆನಪುಗಳಲ್ಲಿ ಅವನು ಬಿಸೆತ್ರ್ ಜೈಲಿನ ಕೈದಿಗಳ ಒಂದು ಕಸುಬನ್ನು ವಿವರಿಸುತ್ತಾನೆ. ಆ ಕಸುಬು ನಡೆದದ್ದು ಫ್ರೆಂಚ್ ಕ್ರಾಂತಿಯಲ್ಲಿ ಶ್ರೀಮಂತರು ದೇಶ ಬಿಟ್ಟು ಓಡುತ್ತಿದ್ದ ಕಾಲದಲ್ಲಿ. ‘ನಾನು ಒಬ್ಬ ದೊಡ್ಡ ಮನುಷ್ಯರ ಸೇವಕ. ಓಡಿಹೋಗುವಾಗ ಒಡೆಯರು ವಜ್ರ, ಚಿನ್ನ ತುಂಬಿದ ಪೆಟ್ಟಿಗೆಯನ್ನು ಬಚ್ಚಿಟ್ಟರು. ಅದನ್ನು ತರಲು ಹೋದಾಗ ನಾನು ಸೆರೆ ಸಿಕ್ಕಿದೆ. ಸ್ವಲ್ಪ ಹಣ ಕಳಿಸಿದರೆ ಜಾಗ ತೋರಿಸುತ್ತೇನೆ’ ಎಂಬ ಧಾಟಿಯಲ್ಲಿ ಕೈದಿಗಳು ಬರೆಯುತ್ತಿದ್ದರು. ನೂರು ಕಾಗದ ಹೋದರೆ ಇಪ್ಪತ್ತಕ್ಕೆ ಉತ್ತರ ಬರುತ್ತಿತ್ತು ಎನ್ನುತ್ತಾನೆ ವಿಡೋಕ್. ಪ್ಯಾರಿಸಿನ ಬಟ್ಟೆ ವ್ಯಾಪಾರಿಯೊಬ್ಬ ಸೇನ್ ನದಿಯ ಪೋಂ ನಫ್ ಸೇತುವೆಯ ಕಮಾನಿನ ಬುಡವನ್ನೇ ಅಗೆಯುತ್ತಿದ್ದಾಗ ಸಿಕ್ಕಿಬಿದ್ದನಂತೆ. ಅಲ್ಲಿ ಒಬ್ಬ ಡಚೆಸ್‌ಳ ವಜ್ರಗಳಿವೆ ಎಂದು ಅವನು ನಂಬಿದ್ದ.

ನೂರಕ್ಕೆ ಇಪ್ಪತ್ತು ಎಂಬುದು ಇವತ್ತಿನ ಯಾವ ಇಮೇಲ್ ವಂಚಕನೂ ಕನಸಿನಲ್ಲಿ ಕಾಣಲಾರದ ಫಲ. ಅದು ಹೇಗೆ ಸಾಧ್ಯವಾಯಿತೆಂಬ ಸುಳಿವನ್ನೂ ವಿಡೋಕನೇ ಕೊಡುತ್ತಾನೆ. ಕೈದಿಗಳು ಕಂಡಕಂಡವರಿಗೆ ಬರೆಯುತ್ತಿರಲಿಲ್ಲ. ಊರೂರಿನ ಹಣವಂತರ ವಿಳಾಸಗಳನ್ನು ಸಂಪಾದಿಸಿ, ಅವರಲ್ಲೂ ಹಳೆಯ ಅರಸೊತ್ತಿಗೆಯ ಮೇಲೆ ಪ್ರೀತಿ ಇಟ್ಟುಕೊಂಡವರನ್ನೇ ಹುಡುಕಿ ಬರೆಯುತ್ತಿದ್ದರು. ಒಂದೊಂದು ಕಾಗದವನ್ನೂ ಕೈಯಲ್ಲೇ ಬರೆಯಬೇಕು, ಜೈಲಿನಿಂದ ಹೊರಗೆ ದಾಟಿಸಬೇಕು. ಇಷ್ಟು ಶ್ರಮ ಇರುವಾಗ ಬರೆಯುವ ಮೊದಲೇ ಆಯ್ಕೆ ನಡೆಯಬೇಕು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಇದೇ ಕತೆ ‘ಸ್ಪೇನಿನ ಕೈದಿ’ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. ಕ್ಯೂಬಾಕ್ಕಾಗಿ ಕಾದಾಟ ನಡೆಯುತ್ತಿದ್ದ ದಿನಗಳಲ್ಲಿ ಸ್ಪೇನಿನ ಜೈಲಿನಲ್ಲಿ ಕೊಳೆಯುತ್ತಿರುವ ಸಿರಿವಂತನ ಕತೆ ಓದುಗರಿಗೆ ನಂಬುವಂತೆಯೇ ಇತ್ತು. ಹಳೆಯ ಮೋಸ ಮತ್ತೆ ತಲೆಯೆತ್ತಿದೆ ಎಂದು ‘ನ್ಯೂಯಾರ್ಕ್ ಟೈಮ್ಸ್’ 1898ರಲ್ಲೇ ಬರೆಯಿತು. ಕತೆಯ ಬೇರು ಯಾವಾಗಲೂ ಆ ಕಾಲದ ನಿಜವಾದ ಸುದ್ದಿಯಲ್ಲಿರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಕ್ರಾಂತಿಯಲ್ಲಿ ಶ್ರೀಮಂತರು ಓಡಿದ್ದು ನಿಜ. ಅಬಾಚಾ ದೇಶವನ್ನು ಲೂಟಿ ಮಾಡಿದ್ದೂ ನಿಜ. ಅವನ ಕುಟುಂಬದ ಖಾತೆಗಳಲ್ಲಿದ್ದ ಸುಮಾರು 70 ಕೋಟಿ ಡಾಲರನ್ನು ಸ್ವಿಟ್ಜರ್ಲೆಂಡ್ ಮುಂದೆ ನೈಜೀರಿಯಾಕ್ಕೆ ಹಿಂದಿರುಗಿಸಿತು. ನಂಬಿದವರು ಗಾಳಿಯಲ್ಲಿ ತೇಲುವ ಕತೆಯನ್ನೇನೂ ನಂಬಿರಲಿಲ್ಲ.

ಇಲ್ಲದ ವಿಮಾನ ನಿಲ್ದಾಣ

ನೈಜೀರಿಯಾದಲ್ಲಿ ಈ ಕಸುಬು ಬೆಳೆದದ್ದು 1980ರ ದಶಕದಲ್ಲಿ. ತೈಲದ ಹಣದಿಂದ ಮೆರೆದಿದ್ದ ದೇಶ ತೈಲದ ಬೆಲೆ ಕುಸಿದಾಗ ತತ್ತರಿಸಿತು. 1986ರ ಆರ್ಥಿಕ ಮರುಹೊಂದಾಣಿಕೆಯ ನಂತರ ಅಲ್ಲಿನ ನಾಣ್ಯವಾದ ನೈರಾದ ಬೆಲೆ ಬಿದ್ದುಹೋಯಿತು. ಇಂಗ್ಲಿಷ್ ಬಲ್ಲ, ಓದಿದ, ಕೆಲಸವಿಲ್ಲದ ಯುವಕರು ಊರು ತುಂಬ ಇದ್ದರು. ಅಂಚೆ, ಟೆಲೆಕ್ಸ್, ಫ್ಯಾಕ್ಸ್‌ಗಳ ಮೂಲಕ ಹೊರದೇಶದ ವ್ಯಾಪಾರಿಗಳಿಗೆ ಕಾಗದಗಳು ಹೋಗತೊಡಗಿದವು. ನೈಜೀರಿಯಾದ ದಂಡಸಂಹಿತೆಯಲ್ಲಿ ಸುಳ್ಳು ಹೇಳಿ ಪರರ ಸ್ವತ್ತು ಪಡೆಯುವ ಅಪರಾಧಕ್ಕೆ 419ನೇ ಕಲಂ ಇದೆ. ನಮ್ಮಲ್ಲಿ ಮೋಸಗಾರನಿಗೆ ‘ಫೋರ್ ಟ್ವೆಂಟಿ’ ಅನ್ನುವ ಹಾಗೆ ಅಲ್ಲಿ ‘ಫೋರ್ ವನ್ ನೈನ್’. ಹಾವಳಿ ಎಷ್ಟಾಯಿತೆಂದರೆ ಆ ದೇಶದ ಕೇಂದ್ರ ಬ್ಯಾಂಕೇ ಹೊರದೇಶಗಳ ಪತ್ರಿಕೆಗಳಲ್ಲಿ ಎಚ್ಚರಿಕೆಯ ಜಾಹೀರಾತು ಕೊಡಬೇಕಾಯಿತು.

ಈ ಬಲೆಗೆ ಬೀಳುವವರು ಲೋಕಜ್ಞಾನವಿಲ್ಲದವರು ಎಂದು ಯಾರಾದರೂ ಅಂದರೆ ಅವರಿಗೆ ಬ್ರೆಜಿಲಿನ ಬ್ಯಾಂಕೊ ನೊರೊಎಸ್ತೆಯ ಕತೆ ಹೇಳಬೇಕು. 1995ರಿಂದ 1998ರ ನಡುವೆ ಎಮ್ಯಾನುಯೆಲ್ ನ್ವುಡೆ ಎಂಬಾತ ತಾನು ನೈಜೀರಿಯಾದ ಕೇಂದ್ರ ಬ್ಯಾಂಕಿನ ಗವರ್ನರ್ ಎಂದು ಹೇಳಿಕೊಂಡು, ರಾಜಧಾನಿ ಅಬುಜಾದಲ್ಲಿ ಕಟ್ಟಲಿರುವ ವಿಮಾನ ನಿಲ್ದಾಣಕ್ಕೆ ಬಂಡವಾಳ ಬೇಕೆಂದು ಆ ಬ್ಯಾಂಕಿನ ಹಿರಿಯ ಅಧಿಕಾರಿಯೊಬ್ಬರನ್ನು ನಂಬಿಸಿದ. ಅಧಿಕಾರಿಗೆ ಒಂದು ಕೋಟಿ ಡಾಲರ್ ಕಮಿಷನ್ನಿನ ಆಸೆ ತೋರಿಸಿದ. ಅಬುಜಾ ಆಗಷ್ಟೇ ರಾಜಧಾನಿಯಾಗಿದ್ದ ಊರು. ಅಲ್ಲಿ ಹೊಸ ನಿಲ್ದಾಣ ಬರುತ್ತದೆಂದರೆ ಯಾರೂ ಹುಬ್ಬೇರಿಸುವಂತಿರಲಿಲ್ಲ. ಕಂತುಕಂತಾಗಿ ಹೋದ ಒಟ್ಟು ನಷ್ಟ 24 ಕೋಟಿ 20 ಲಕ್ಷ ಡಾಲರ್. ಸ್ಪೇನಿನ ಸ್ಯಾಂಟಾಂಡರ್ ಬ್ಯಾಂಕು ನೊರೊಎಸ್ತೆಯನ್ನು ಕೊಳ್ಳಲು ಬಂದು ಲೆಕ್ಕ ನೋಡಿದಾಗಷ್ಟೇ ಹಣ ಮಾಯವಾದದ್ದು ಬಯಲಾಯಿತು. ನೈಜೀರಿಯಾ 2003ರಲ್ಲಿ ಸ್ಥಾಪಿಸಿದ ಆರ್ಥಿಕ ಅಪರಾಧಗಳ ಆಯೋಗ, ನುಹು ರಿಬಾಡು ಅವರ ನೇತೃತ್ವದಲ್ಲಿ ಈ ಪ್ರಕರಣವನ್ನು ಪಟ್ಟುಹಿಡಿದು ನಡೆಸಿತು. 2005ರಲ್ಲಿ ನ್ವುಡೆಗೆ 25 ವರ್ಷಗಳ ಸಜೆಯಾಯಿತು. ಬ್ಯಾಂಕು ಮಾತ್ರ ಉಳಿಯಲಿಲ್ಲ. ಈ ವಂಚಕರನ್ನು ಹಿಡಿದು ಶಿಕ್ಷಿಸಿದವರೂ ನೈಜೀರಿಯನ್ನರೇ ಎಂಬುದನ್ನು ಮರೆತು ಒಂದು ಇಡೀ ದೇಶಕ್ಕೆ ಕಳ್ಳತನದ ಹಣೆಪಟ್ಟಿ ಹಚ್ಚುವುದು ಅನ್ಯಾಯ.

ಪೆದ್ದು ಕಾಗದದ ಲೆಕ್ಕ

ಇಮೇಲ್ ಬಂದ ಮೇಲೆ ಕಾಗದ ಕಳಿಸುವ ಖರ್ಚು ಸೊನ್ನೆಗೆ ಇಳಿಯಿತು. ಹತ್ತು ಜನರಿಗೆ ಕಳಿಸಿದರೂ ಒಂದೇ, ಹತ್ತು ಲಕ್ಷ ಜನರಿಗೆ ಕಳಿಸಿದರೂ ಒಂದೇ. ಆದರೆ ಉತ್ತರ ಬಂದ ಮೇಲಿನ ಕೆಲಸ ಸೊನ್ನೆಗೆ ಇಳಿಯಲಿಲ್ಲ. ಪ್ರತಿಯೊಬ್ಬರೊಡನೆ ವಾರಗಟ್ಟಲೆ ಮಾತು, ಖೊಟ್ಟಿ ದಾಖಲೆ, ಫೋನು, ಓಲೈಕೆ. ಇದನ್ನು ಒಬ್ಬ ಮನುಷ್ಯ ಕೂತು ಮಾಡಬೇಕು. ಇಷ್ಟೆಲ್ಲ ಆದ ಮೇಲೆ ಎದುರಿನವರು ಅನುಮಾನಪಟ್ಟು ಹಿಂದೆ ಸರಿದರೆ ಅಷ್ಟೂ ದಂಡ.

2012ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ಕೋರ್ಮಾಕ್ ಹರ್ಲಿ ಎಂಬ ವಿಜ್ಞಾನಿ ಒಂದು ಪ್ರಬಂಧ ಬರೆದರು. ನೈಜೀರಿಯಾದ ವಂಚಕರು ತಾವು ನೈಜೀರಿಯಾದವರೆಂದೇ ಏಕೆ ಹೇಳಿಕೊಳ್ಳುತ್ತಾರೆ ಎಂಬುದೇ ಅವರ ಪ್ರಶ್ನೆ. ಅವರ ವಾದವನ್ನು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡೋಣ.

ಹತ್ತು ಲಕ್ಷ ಜನರಲ್ಲಿ ಕೊನೆಯವರೆಗೂ ನಂಬಿ ಹಣ ಕೊಡುವವರು ಹತ್ತೇ ಮಂದಿ ಎಂದುಕೊಳ್ಳಿ. ಹಣ ಕೊಟ್ಟ ಒಬ್ಬರಿಂದ ವಂಚಕನಿಗೆ 50,000 ರೂಪಾಯಿ ಸಿಗುತ್ತದೆ. ಉತ್ತರಿಸಿದ ಪ್ರತಿಯೊಬ್ಬರೊಡನೆ ಮಾತು ಮುಂದುವರಿಸಲು 500 ರೂಪಾಯಿಯಷ್ಟು ಸಮಯ ಹೋಗುತ್ತದೆ. ಈಗ ಅವನು ಜಾಣತನದಿಂದ, ಯಾರಾದರೂ ನಂಬುವಂಥ ಕಾಗದ ಬರೆಯುತ್ತಾನೆ. 2,000 ಜನ ಉತ್ತರಿಸುತ್ತಾರೆ. ಅವರಲ್ಲಿ ಕೊನೆಗೆ ಹಣ ಕೊಡುವವರು ಒಂಬತ್ತು ಮಂದಿ. ಆದಾಯ ನಾಲ್ಕೂವರೆ ಲಕ್ಷ, ಖರ್ಚು ಹತ್ತು ಲಕ್ಷ. ಐದೂವರೆ ಲಕ್ಷ ನಷ್ಟ. ಇನ್ನೊಬ್ಬ ವಂಚಕ ತಪ್ಪುತಪ್ಪಾಗಿ, ವಿಧವೆ, ಸರ್ವಾಧಿಕಾರಿ, ನೈಜೀರಿಯಾ ಎಂದೆಲ್ಲ ಹೇಳುವ ಪೆದ್ದು ಕಾಗದ ಬರೆಯುತ್ತಾನೆ. ಹತ್ತು ಲಕ್ಷ ಜನರಲ್ಲಿ ಬಹುತೇಕ ಎಲ್ಲರೂ ಮೊದಲ ಸಾಲಿಗೇ ಅಳಿಸಿಹಾಕುತ್ತಾರೆ. ಉತ್ತರಿಸುವವರು 60 ಜನ. ಆದರೆ ಅವರಲ್ಲಿ ಆರು ಮಂದಿ ಹಣ ಕೊಡುತ್ತಾರೆ. ಆದಾಯ ಮೂರು ಲಕ್ಷ, ಖರ್ಚು 30,000. ಎರಡು ಲಕ್ಷ ಎಪ್ಪತ್ತು ಸಾವಿರ ಲಾಭ.

ಪೆದ್ದು ಕಾಗದ ಗೆದ್ದಿತು. ಅದು ಜರಡಿಯ ಕೆಲಸ ಮಾಡಿತು: ಮುಂದೆ ಅನುಮಾನಪಡುವವರನ್ನೆಲ್ಲ ವಂಚಕನ ಸಮಯ ವ್ಯರ್ಥವಾಗುವ ಮೊದಲೇ ಕೆಳಗೆ ಉದುರಿಸಿ, ಬೇಕಾದವರನ್ನು ಮಾತ್ರ ಮೇಲೆ ಉಳಿಸಿತು. ಸಂಖ್ಯಾಶಾಸ್ತ್ರಜ್ಞರು ‘ಫಾಲ್ಸ್ ಪಾಸಿಟಿವ್’ ಅನ್ನುವುದು ಹೀಗೆ ಉತ್ತರಿಸಿಯೂ ಕೊನೆಗೆ ಹಣ ಕೊಡದವರಂಥ ತಪ್ಪು ಸುಳಿವನ್ನೇ. ಹುಡುಕುತ್ತಿರುವುದು ತೀರಾ ವಿರಳವಾಗಿದ್ದಾಗ ತಪ್ಪು ಸುಳಿವುಗಳ ಖರ್ಚೇ ಹುಡುಕುವವನನ್ನು ಮುಳುಗಿಸುತ್ತದೆ. ಅಪರೂಪದ ಕಾಯಿಲೆಗೆ ಊರಿನವರನ್ನೆಲ್ಲ ಪರೀಕ್ಷಿಸಲು ಹೊರಟ ವೈದ್ಯರಿಗೂ ಇದೇ ಸಮಸ್ಯೆ.

ಹರ್ಲಿ ವಂಚಕರನ್ನು ಮಾತಾಡಿಸಿ ಇದನ್ನು ಬರೆದವರಲ್ಲ, ಇದು ಗಣಿತದ ಮಾದರಿ. ಪ್ರತಿಯೊಬ್ಬ ವಂಚಕನೂ ಇಷ್ಟು ಯೋಚಿಸಿ ತಪ್ಪು ಬರೆಯುತ್ತಾನೆ ಎಂದು ತಿಳಿಯಬೇಕಿಲ್ಲ. ಲಾಭ ತಂದ ಕಾಗದವನ್ನು ಹತ್ತು ಜನ ನಕಲು ಮಾಡುತ್ತಾರೆ, ತರದ ಕಾಗದ ಅಲ್ಲಿಗೇ ನಿಂತುಹೋಗುತ್ತದೆ. ಇಷ್ಟು ನಡೆದರೆ ಸಾಕು, ಯಾರ ಜಾಣತನವೂ ಇಲ್ಲದೆ ಕಾಗದ ತಾನಾಗಿ ಮೊನಚಾಗುತ್ತದೆ.

ಇದರಿಂದ ನಮಗೆ ತಿಳಿಯುವ ಮುಖ್ಯ ಸಂಗತಿ ಒಂದಿದೆ. ಇಂಥ ಇಮೇಲನ್ನು ನೋಡಿ ‘ಇದನ್ನೂ ನಂಬುವವರಿದ್ದಾರಾ!’ ಎಂದು ನಕ್ಕು ಅಳಿಸಿದ ಪ್ರತಿಯೊಬ್ಬರೂ ಆ ಕಾಗದ ಬಯಸಿದ್ದನ್ನೇ ಮಾಡಿದ್ದಾರೆ. ಆ ನಗೆಯಿಂದ ವಂಚಕನಿಗೆ ಅನುಕೂಲವೇ ಆಗಿದೆ.

ಮೊದಲ ಕಂತಿನ ನಂತರ

ಜರಡಿಯಲ್ಲಿ ಉಳಿದವರಿಗೆ ಏನಾಗುತ್ತದೆ? ಕೇಳುವ ಮೊದಲ ಮೊತ್ತ ಯಾವಾಗಲೂ ಸಣ್ಣದು. 1966ರಲ್ಲಿ ಜೊನಾಥನ್ ಫ್ರೀಡ್‌ಮನ್ ಮತ್ತು ಸ್ಕಾಟ್ ಫ್ರೇಸರ್ ಎಂಬ ಮನಶ್ಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದ ಗೃಹಿಣಿಯರ ಮೇಲೆ ನಡೆಸಿದ ಪ್ರಯೋಗ ಇದಕ್ಕೆ ಬೆಳಕು ಹಿಡಿಯುತ್ತದೆ. ಐದಾರು ಜನ ಗಂಡಸರು ನಿಮ್ಮ ಮನೆಗೆ ಬಂದು, ಎರಡು ಗಂಟೆ ಕಾಲ ಕಪಾಟುಗಳನ್ನೆಲ್ಲ ತೆಗೆದು ಸಾಮಾನುಗಳ ಪಟ್ಟಿ ಮಾಡಬಹುದೇ ಎಂದು ನೇರವಾಗಿ ಕೇಳಿದಾಗ ನೂರಕ್ಕೆ 22ರಷ್ಟು ಮಂದಿ ಒಪ್ಪಿದರು. ಕೆಲವು ದಿನ ಮೊದಲು ಫೋನಿನಲ್ಲಿ ಎಂಟು ಸರಳ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದವರನ್ನು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಹೂಂ ಅಂದರು. ಸಣ್ಣದಕ್ಕೆ ಒಪ್ಪಿದವರು ದೊಡ್ಡದಕ್ಕೆ ಒಪ್ಪುವುದು ಸುಲಭ.

ಎರಡನೆಯದು ಹೋದ ದುಡ್ಡಿನ ಸೆಳೆತ. 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಓಹಾಯೋದಲ್ಲಿ ನಾಟಕಗಳ ಸೀಸನ್ ಟಿಕೆಟ್ ಕೊಂಡವರಲ್ಲಿ ಕೆಲವರಿಗೆ, ಯಾವ ಕಾರಣವೂ ಇಲ್ಲದೆ, ರಿಯಾಯಿತಿ ಕೊಟ್ಟು ನೋಡಿದರು. ನಾಟಕ ಅವವೇ. ಆದರೂ ಸೀಸನ್ನಿನ ಮೊದಲರ್ಧದಲ್ಲಿ ಪೂರ್ತಿ ಬೆಲೆ ತೆತ್ತವರೇ ಹೆಚ್ಚು ನಾಟಕಗಳಿಗೆ ಹೋದರು. ಕೊಟ್ಟದ್ದು ದಂಡವಾಗಬಾರದೆಂಬ ಹಟ ನಮ್ಮೆಲ್ಲರಲ್ಲೂ ಇದೆ. ಒಂದು ಲಕ್ಷ ಕೊಟ್ಟಾಗಿದೆ, ಇನ್ನು ಇಪ್ಪತ್ತು ಸಾವಿರ ಕಟ್ಟಿದರೆ ಕೋಟಿ ಬರುತ್ತದೆ, ಕಟ್ಟದಿದ್ದರೆ ಲಕ್ಷವೂ ಹೋಗುತ್ತದೆ ಎಂದು ವಂಚಕ ಹೇಳುವಾಗ ಅವನು ಈ ಹಟವನ್ನೇ ಮೀಟುತ್ತಿರುತ್ತಾನೆ. ಬ್ರೆಜಿಲಿನಿಂದ ವರ್ಷಗಟ್ಟಲೆ ಕಂತು ಹೋದದ್ದನ್ನು ಅರ್ಥಮಾಡಿಕೊಳ್ಳಲು ಇದು ನೆರವಾಗುತ್ತದೆ.

ಮೂರನೆಯದು ಗುಟ್ಟು. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಅಲ್ಲಿನ ಸರ್ಕಾರಿ ಸಂಸ್ಥೆಯೊಂದಕ್ಕಾಗಿ 2009ರಲ್ಲಿ ಸಿದ್ಧಪಡಿಸಿದ ವರದಿ ಹಲವು ನಂಬಿಕೆಗಳನ್ನು ಬುಡಮೇಲು ಮಾಡಿತು. ಮೋಸಹೋದವರು ಯೋಚಿಸದೆ ದುಡುಕಿದವರಲ್ಲ. ಮೋಸಹೋಗದವರಿಗಿಂತ ಹೆಚ್ಚು ಹೊತ್ತು ಆ ಕಾಗದವನ್ನು ಓದಿ ವಿಚಾರ ಮಾಡಿದವರು. ಎಷ್ಟೋ ಸಲ ಆ ವಿಷಯದಲ್ಲಿ ಅವರಿಗೆ ಇತರರಿಗಿಂತ ಹೆಚ್ಚೇ ತಿಳಿವಳಿಕೆ ಇತ್ತು, ಆ ತಿಳಿವಳಿಕೆಯೇ ಅವರಿಗೆ ಅತಿ ವಿಶ್ವಾಸ ಕೊಟ್ಟಿತ್ತು. ಅವರಲ್ಲಿ ಹಲವರು ವಿಷಯವನ್ನು ಮನೆಯವರಿಂದಲೂ ಗೆಳೆಯರಿಂದಲೂ ಮುಚ್ಚಿಟ್ಟಿದ್ದರು. ಹೇಳಿದರೆ ಬೇಡವೆನ್ನುತ್ತಾರೆ ಎಂಬುದು ಒಳಗೆಲ್ಲೋ ಅವರಿಗೂ ಗೊತ್ತಿತ್ತು. ‘ಯಾರಿಗೂ ಹೇಳಬೇಡಿ’ ಎಂದು ಪ್ರತಿ ವಂಚಕನೂ ಒತ್ತಿ ಹೇಳುವುದು ಇದಕ್ಕಾಗಿಯೇ. ಪಕ್ಕದಲ್ಲಿ ಕೂತ ಇನ್ನೊಬ್ಬರ ಒಂದು ಪ್ರಶ್ನೆ ಇಡೀ ಕತೆಯನ್ನು ಕೆಡವಬಲ್ಲದು.

ಜರಡಿಗೆ ಕಲ್ಲು ತುಂಬುವವರು

ವಂಚಕರಿಗೆ ಬೇಕೆಂದೇ ಉತ್ತರಿಸಿ, ನಂಬಿದವರ ಹಾಗೆ ನಟಿಸಿ, ತಿಂಗಳುಗಟ್ಟಲೆ ಅವರ ಕಾಲ ಹಾಳುಮಾಡುವುದನ್ನೇ ಹವ್ಯಾಸ ಮಾಡಿಕೊಂಡವರು 2000ದ ದಶಕದಲ್ಲಿ ಹಲವು ದೇಶಗಳಲ್ಲಿ ಕಾಣಿಸಿಕೊಂಡರು. ಮೇಲಿನ ಲೆಕ್ಕದ ಪ್ರಕಾರ ಇದು ಅರ್ಥವಿಲ್ಲದ ಕೆಲಸವಲ್ಲ. ಪೆದ್ದು ಕಾಗದಕ್ಕೆ ಬಂದ 60 ಉತ್ತರಗಳ ಜೊತೆ 600 ನಕಲಿ ಉತ್ತರಗಳು ಸೇರಿದರೆ ಖರ್ಚು ಮೂರು ಲಕ್ಷ ಮೂವತ್ತು ಸಾವಿರಕ್ಕೆ ಏರುತ್ತದೆ. ಮೂರು ಲಕ್ಷದ ಆದಾಯ ಸಾಲದೆ ವಂಚಕನಿಗೆ ನಷ್ಟವಾಗುತ್ತದೆ. ಈ ತತ್ತ್ವದ ಮೇಲೆ ನ್ಯೂಜಿಲೆಂಡಿನ ನೆಟ್‌ಸೇಫ್ ಸಂಸ್ಥೆ 2017ರಲ್ಲಿ ‘ರಿ:ಸ್ಕ್ಯಾಮ್’ ಎಂಬ ಯಂತ್ರವನ್ನೇ ಹೂಡಿತು. ಜನ ತಮಗೆ ಬಂದ ವಂಚನೆಯ ಇಮೇಲನ್ನು ಅದಕ್ಕೆ ಕಳಿಸಿದರೆ ಸಾಕು, ಅದು ಬೇಸರವಿಲ್ಲದೆ ವಂಚಕನಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾ ಕೂರುತ್ತಿತ್ತು.

ಇದು ಸಂಸ್ಥೆಗಳು, ಯಂತ್ರಗಳು ಮಾಡಬೇಕಾದ ಕೆಲಸ. ಒಬ್ಬೊಬ್ಬರೇ ಕೈಹಾಕುವುದು ಬೇಡ. ಉತ್ತರಿಸಿದ ಕೂಡಲೇ ಈ ವಿಳಾಸದ ಹಿಂದೆ ಜೀವಂತ ಮನುಷ್ಯನಿದ್ದಾನೆಂದು ತಿಳಿಯುತ್ತದೆ, ವಿಳಾಸ ಇನ್ನಷ್ಟು ಕೈಗಳಿಗೆ ಹೋಗುತ್ತದೆ. ಅಲ್ಲದೆ ಈ ಹವ್ಯಾಸಿಗಳಲ್ಲಿ ಕೆಲವರು ವಂಚಕರಿಂದ ಅವಮಾನಕರ ಫೋಟೊಗಳನ್ನು ತೆಗೆಸಿ ಮೆರೆಸಿದ್ದೂ ಉಂಟು. ಅದರಿಂದ ಹಣ ಕಳೆದುಕೊಂಡ ಯಾರಿಗೂ ಒಂದು ಪೈಸೆ ಮರಳಲಿಲ್ಲ.

ಹೆಚ್ಚು ಫಲ ಕೊಟ್ಟದ್ದು ಪಶ್ಚಿಮ ಆಸ್ಟ್ರೇಲಿಯಾದ ಸರಳ ಕ್ರಮ. 2013ರಲ್ಲಿ ಅಲ್ಲಿನ ಪೊಲೀಸರು ಮತ್ತು ಗ್ರಾಹಕ ರಕ್ಷಣೆಯ ಇಲಾಖೆಯವರು ‘ಸನ್‌ಬರ್ಡ್’ ಎಂಬ ಯೋಜನೆಯಲ್ಲಿ ಪಶ್ಚಿಮ ಆಫ್ರಿಕಾದ ದೇಶಗಳಿಗೆ ಹಣ ಕಳಿಸುತ್ತಿದ್ದವರ ವಿವರ ಗಮನಿಸಿ, ನೀವು ವಂಚನೆಗೆ ಸಿಲುಕಿರಬಹುದು ಎಂದು ಅವರ ಮನೆಗೇ ಪತ್ರ ಬರೆದರು. ದೂರು ಬರಲಿ ಎಂದು ಕಾಯಲಿಲ್ಲ. ಪತ್ರ ಪಡೆದವರಲ್ಲಿ ಬಹುಮಂದಿ ಹಣ ಕಳಿಸುವುದನ್ನು ನಿಲ್ಲಿಸಿದರು. ಹೊರಗಿನ ಒಂದು ದನಿ ಗುಟ್ಟಿನ ಗೋಡೆಯನ್ನು ಒಡೆದಿತ್ತು.

ಜರಡಿ ಬೇಡವಾದ ಕಾಲ

ಈ ಕತೆ ಈಗ ಹೊಸ ತಿರುವಿನಲ್ಲಿದೆ. ವಿಡೋಕನ ಕಾಲದಲ್ಲಿ ಬರೆಯುವುದೇ ದುಬಾರಿ. ಆದ್ದರಿಂದ ಬರೆಯುವ ಮೊದಲೇ ಆಯ್ಕೆ ನಡೆಯುತ್ತಿತ್ತು. ಇಮೇಲ್ ಕಾಲದಲ್ಲಿ ಬರೆಯುವುದು ಅಗ್ಗ, ಮಾತು ಬೆಳೆಸುವುದು ದುಬಾರಿ. ಆದ್ದರಿಂದ ಕಾಗದವೇ ಆಯ್ಕೆ ಮಾಡಿತು. ಈಗ ಕೃತಕ ಬುದ್ಧಿಮತ್ತೆಯಿಂದ ಮಾತೂ ಅಗ್ಗವಾಗುತ್ತಿದೆ. ನಮ್ಮ ಲೆಕ್ಕಕ್ಕೆ ಮರಳಿ, ಒಬ್ಬರೊಡನೆ ಮಾತು ಮುಂದುವರಿಸುವ ಖರ್ಚನ್ನು 500ರ ಬದಲು 5 ರೂಪಾಯಿ ಮಾಡಿ ನೋಡಿ. ಐದೂವರೆ ಲಕ್ಷ ನಷ್ಟ ತಂದಿದ್ದ ಜಾಣ ಕಾಗದ ಈಗ ನಾಲ್ಕು ಲಕ್ಷ ನಲವತ್ತು ಸಾವಿರ ಲಾಭ ತರುತ್ತದೆ. ಪೆದ್ದು ಕಾಗದದ ಲಾಭ ಮೂರು ಲಕ್ಷದ ಒಳಗೇ ನಿಲ್ಲುತ್ತದೆ. ಅಂದರೆ ತಪ್ಪು ಬರೆಯುವ ಅಗತ್ಯವೇ ವಂಚಕನಿಗೆ ಇನ್ನಿಲ್ಲ.

ಕಾಗುಣಿತದ ತಪ್ಪು ನೋಡಿ ಮೋಸವನ್ನು ಗುರುತಿಸಿ ಎಂಬ ಹಳೆಯ ಉಪದೇಶ ಇನ್ನು ಕೆಲಸಕ್ಕೆ ಬಾರದು. ಕನ್ನಡಿಗರಿಗೆ ಇದುವರೆಗೆ ಭಾಷೆಯೇ ಒಂದು ಬೇಲಿಯಾಗಿತ್ತು. ನೈಜೀರಿಯಾದ ಲಾಗೋಸಿನಲ್ಲೋ ಇನ್ನೆಲ್ಲೋ ಕೂತವನಿಗೆ ಕನ್ನಡ ಬರುತ್ತಿರಲಿಲ್ಲ. ಯಂತ್ರಗಳು ಕನ್ನಡ ಕಲಿತಂತೆಲ್ಲ ಆ ಬೇಲಿಯೂ ಸಡಿಲವಾಗುತ್ತದೆ. ‘ಕೌನ್ ಬನೇಗಾ ಕರೋಡ್‌ಪತಿ’ಯಲ್ಲಿ 25 ಲಕ್ಷ ಗೆದ್ದಿದ್ದೀರಿ ಎಂಬ ವಾಟ್ಸ್‌ಆ್ಯಪ್ ಸಂದೇಶ, ಸಾಲ ಮಂಜೂರಾಗಿದೆ ಪ್ರಾಸೆಸಿಂಗ್ ಫೀ ಕಟ್ಟಿ ಎಂಬ ಕರೆ, ಹೊರದೇಶದ ಗೆಳೆಯ ಕಳಿಸಿದ ಉಡುಗೊರೆಗೆ ಕಸ್ಟಮ್ಸ್ ಸುಂಕ ಕಟ್ಟಿ ಎಂಬ ಬೇಡಿಕೆ, ಇವೆಲ್ಲ ಅದೇ ವಂಶದವು.

ರೂಪ ಎಷ್ಟೇ ಬದಲಾದರೂ ಒಂದು ಎಲುಬು ಮಾತ್ರ ಬದಲಾಗದು: ಹಣ ಪಡೆಯಲು ಮೊದಲು ಹಣ ಕೊಡಬೇಕು. ಆದ್ದರಿಂದ ಪರೀಕ್ಷೆಯೂ ಒಂದೇ. ‘ನಿಮ್ಮ ಶುಲ್ಕವನ್ನು ನನಗೆ ಬರಬೇಕಾದ ಹಣದಲ್ಲೇ ಹಿಡಿದುಕೊಂಡು ಉಳಿದದ್ದನ್ನು ಕೊಡಿ’ ಅನ್ನಿ. ಕೊಡಲು ಹಣವೇ ಇಲ್ಲದವನು ಇದಕ್ಕೆ ಒಪ್ಪಲಾರ, ಅದಕ್ಕೊಂದು ಹೊಸ ನೆವ ಹೇಳುತ್ತಾನೆ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿದರೂ ನಂಬಬೇಡಿ. ಯಾರಿಗೋ ಹಂಚಲೆಂದು ಜನಸಾಮಾನ್ಯರ ಹೆಸರಿನಲ್ಲಿ ಹಣ ಇಟ್ಟುಕೊಳ್ಳುವ ಖಾತೆಗಳು ತನ್ನಲ್ಲಿಲ್ಲ ಎಂದು ಅದು ಮತ್ತೆಮತ್ತೆ ಹೇಳಿದೆ. ಹೊರದೇಶದ ಲಾಟರಿಗಾಗಿ ಹಣ ಕಳಿಸುವುದು ನಮ್ಮ ವಿದೇಶಿ ವಿನಿಮಯ ಕಾನೂನಿನಲ್ಲಿ ನಿಷಿದ್ಧ. ಒಮ್ಮೆ ಕಳೆದುಕೊಂಡವರಿಗೆ, ಹೋದ ಹಣ ವಾಪಸ್ ಕೊಡಿಸುತ್ತೇನೆ ಎಂದು ವಕೀಲನ ಅಥವಾ ಪೊಲೀಸಿನ ವೇಷದಲ್ಲಿ ಬರುವವನೂ ಬಹುಪಾಲು ಅದೇ ಗುಂಪಿನವನು.

ಕೊನೆಯದಾಗಿ ಒಂದು ವಿನಂತಿ. ಈ ವಂಚನೆ ನಿಂತಿರುವುದು ಮೋಸಹೋದವರ ಮೌನದ ಮೇಲೆ, ಆ ಮೌನ ನಿಂತಿರುವುದು ನಮ್ಮ ನಗೆಯ ಮೇಲೆ. ಮನೆಯಲ್ಲಿ ಯಾರಾದರೂ ಹೀಗೆ ಹಣ ಕಳಿಸಿದೆ ಎಂದು ತಡವರಿಸಿ ಹೇಳಿದಾಗ ‘ಅಷ್ಟೂ ತಿಳಿಯಲಿಲ್ಲವೇ?’ ಎಂದು ಗದರಿದರೆ ಅವರು ಎರಡನೆಯ ಕಂತಿನ ವಿಷಯ ನಮಗೆ ಹೇಳುವುದಿಲ್ಲ. ‘ಯಾವಾಗ, ಯಾವ ಖಾತೆಗೆ ಕಳಿಸಿದಿರಿ?’ ಎಂದಷ್ಟೇ ಕೇಳಿ, ಆ ಕೂಡಲೇ 1930 ಸಹಾಯವಾಣಿಗೆ ಫೋನ್ ಮಾಡಿಸಿ, ಜಿಲ್ಲೆಯ ಸೈಬರ್ ಅಪರಾಧ ಪೊಲೀಸ್ ಠಾಣೆಯಲ್ಲಿ ದೂರು ಕೊಡಿಸಿ. ಹಣ ವಂಚಕನ ಖಾತೆಯಿಂದ ಬೇರೆಡೆಗೆ ದಾಟುವ ಮೊದಲು ದೂರು ತಲುಪಿದರೆ ಅದನ್ನು ತಡೆಹಿಡಿಯಲು ಸಾಧ್ಯವಿದೆ.